ಬಾನವಿಲ್ಲೋ, ಕಮಾಂಡೋನೋ?

ಬ್ರಿಟಿಷ್ ಬೈಕ್ ಕಂಪನಿ ಟ್ರಯಂಫ್‌ನ ಹಳೇ ಮೆರಿಡನ್ ಕಾರ್ಖಾನೆ ಇದ್ದ ಜಾಗ ಇಂಗ್ಲೆಂಡಿನ ಕೊವೆಂಟ್ರಿಯ ನಮ್ಮ ಮನೆಗೆ ಹತ್ತಿರ. ಹಾಗಾಗಿ ಹಳೇ ಬೈಕ್ ಕೊಳ್ಳುವ ಹುಚ್ಚು ಹಿಡಿದಾಗ ಮನಸ್ಸು ಮೊದಲೇ ಅವರ ಬಾನವಿಲ್ ಕಡೆಗೆ ವಾಲಿತ್ತು. ಪರಿಚಯದ ಹಿರಿಯರೊಬ್ಬರ ಶೆಡ್ಡಿನಲ್ಲಿ 1970ರ ಬಾನವಿಲ್ ಟಿ120, 1974ರ ನಾರ್ಟನ್ ಕಮಾಂಡೊ 850 ಎರಡೂ ಇವೆ. ಎರಡು ಭಾನುವಾರ ಕೀಲಿ ನನ್ನ ಕೈಗಿಟ್ಟರು.

ಎರಡರಲ್ಲೂ ಅಮಲ್ ಕಂಪನಿಯ ಕಾರ್ಬ್ಯುರೇಟರ್ ಜೋಡಿ. ಸ್ಟಾರ್ಟ್ ಮಾಡುವ ಮುಂಚೆ ಪಕ್ಕದ ಪುಟ್ಟ ಗುಂಡಿಯನ್ನು ಪೆಟ್ರೋಲ್ ಜಿನುಗುವವರೆಗೆ ಒತ್ತಿ ಹಿಡಿಯಬೇಕು; ಮಧ್ಯಾಹ್ನದ ಊಟಕ್ಕೂ ಬೆರಳು ಅದೇ ವಾಸನೆ. 649 ಸಿಸಿ ಬಾನವಿಲ್ ಎರಡನೇ ಕಿಕ್ಕಿಗೆ ಎದ್ದಿತು. 828 ಸಿಸಿಯ ನಾರ್ಟನ್ನನ್ನು ಮೈಭಾರವೆಲ್ಲ ಹಾಕಿ ತುಳಿಯಬೇಕು. ಅರೆಮನಸ್ಸಿನಿಂದ ಒದ್ದರೆ ತಿರುಗಿ ಒದೆಯುತ್ತೆ.

ಗೇರು ಎರಡಕ್ಕೂ ಬಲಗಾಲಿಗೇ. ಟ್ರಯಂಫ್‌ನದು ಕೆಳಗೆ ಒತ್ತಿದರೆ ಒಂದನೇ ಗೇರು, ಮೇಲೆತ್ತಿದರೆ ಉಳಿದ ಮೂರು. ನಾರ್ಟನ್‌ದು ಮೇಲೆ ಒಂದು, ಕೆಳಗೆ ಮೂರು. ಅಪ್ಪನ ಹಳೇ ಬುಲೆಟ್‌ನಲ್ಲಿ ಕಲಿತ ಕಾಲು ನಂದು, ಅದರ ಲೆಕ್ಕವೂ ನಾರ್ಟನ್‌ದೇ. ರೌಂಡಬೌಟಿನಲ್ಲಿ ಬಾನವಿಲ್‌ನ ಗೇರ್ ಇಳಿಸಲು ಹೋಗಿ ಏರಿಸಿಬಿಟ್ಟೆ. ಹಿಂದಿದ್ದ ವ್ಯಾನಿನವನು ಹಾರ್ನ್ ಬಾರಿಸಿದ ರೀತಿ ಥೇಟ್ ಮೆಜೆಸ್ಟಿಕ್‌.

ತಿರುವುಗಳಲ್ಲಿ ಬಾನವಿಲ್ ಹಗುರ, ಸೈಕಲ್ಲಿನ ಹಾಗೆ ಬಾಗುತ್ತೆ. ಆದರೆ ಗಂಟೆಗೆ 60 ಮೈಲಿ ದಾಟಿದರೆ ಹ್ಯಾಂಡಲ್ ಜುಂ ಅನ್ನುತ್ತೆ, ಕನ್ನಡಿಯಲ್ಲಿ ಕಾರು ಯಾವುದು ಲಾರಿ ಯಾವುದು ತಿಳಿಯಲ್ಲ. ಎರಡೂ ಪಿಸ್ಟನ್ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುವ ಎಂಜಿನ್ನಿನ ಹಣೆಬರಹ ಅದು. ನಾರ್ಟನ್ ಎಂಜಿನ್ನೂ ಅದೇ ಜಾತಿ. ಅವರು ಮಾಡಿದ ಉಪಾಯವೇ ಐಸೊಲಾಸ್ಟಿಕ್: ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್‌ ಆರ್ಮ್ ಮೂರನ್ನೂ ಒಂದೇ ಗಂಟು ಮಾಡಿ ರಬ್ಬರಿನ ಮೇಲೆ ಕೂರಿಸಿದರು. ನಿಂತಲ್ಲಿ ಗಾಡಿ ರಾಗಿ ಮಿಷನ್ನಿನ ಹಾಗೆ ಕುಣಿಯುತ್ತೆ, ಮುಂದಿನ ಮಡ್‌ಗಾರ್ಡ್ ಎರಡೆರಡು ಕಾಣುತ್ತೆ. 3000 ಆರ್‌ಪಿಎಂ ದಾಟಲಿ, ನಡುಕವೆಲ್ಲ ಮಾಯ. ಅಲ್ಲೇ ನಾನು ಸೋತೆ.

ಕೂಡಿಡುವವರ ಲೆಕ್ಕ ಬೇರೆ. 1971ರಿಂದ ಬಾನವಿಲ್‌ಗೆ ಫ್ರೇಮಿನೊಳಗೇ ಆಯಿಲ್ ತುಂಬುವ ವಿನ್ಯಾಸ ಬಂತು, ಸೀಟು ಎತ್ತರವಾಯಿತು. ಅದಕ್ಕೇ 1970ರವರೆಗಿನದ್ದಕ್ಕೆ ಮರ್ಯಾದೆ. 1969ರ ಐಲ್ ಆಫ್ ಮ್ಯಾನ್ ಟಿಟಿ ರೇಸಿನಲ್ಲಿ ಮಾಲ್ಕಮ್ ಅಪ್‌ಹಿಲ್ ಬಾನವಿಲ್ ಮೇಲೆ ಗಂಟೆಗೆ 100 ಮೈಲಿ ಸರಾಸರಿಯಲ್ಲಿ ಲ್ಯಾಪ್ ಹೊಡೆದ ಹೆಸರೂ ಇದೆ. ಕೊಳ್ಳುವ ಮುಂಚೆ ಎಂಜಿನ್ನಿನ ತಳಕವಚ ಅಂದರೆ ಕ್ರ್ಯಾಂಕ್‌ಕೇಸಿನ ನಂಬರಿಗೆ ಟಾರ್ಚ್ ಹಿಡಿಯಿರಿ: 1970ರದ್ದಾದರೆ ಅಂಕಿಗಳ ಹಿಂದೆ ಟ್ರಯಂಫ್ ಹೆಸರಿನ ಸಣ್ಣ ಅಚ್ಚುಗಳ ಸಾಲಿರಬೇಕು. ಅಲ್ಲಿ ನುಣ್ಣಗಿದ್ದರೆ ಯಾರೋ ಅರ ಹಾಕಿದ್ದಾರೆ.

ನಾರ್ಟನ್‌ಗೂ ರಗಳೆ ಉಂಟು. ತಿಂಗಳುಗಟ್ಟಲೆ ನಿಲ್ಲಿಸಿದರೆ ಟ್ಯಾಂಕಿನ ಆಯಿಲ್ ಇಳಿದು ಎಂಜಿನ್ ತಳ ಸೇರುತ್ತೆ. 1972ರ ಕಾಂಬ್ಯಾಟ್ ಎಂಬ ಹೆಚ್ಚು ಶಕ್ತಿಯ ಎಂಜಿನ್ ಆದರೆ ಮೇನ್ ಬೇರಿಂಗ್ ಬದಲಾಗಿದೆಯಾ ಅಂತ ಕೇಳದೆ ಮುಂಗಡ ಕೊಡಬೇಡಿ. 1975ರ ಮಾರ್ಕ್ 3ಕ್ಕೆ ಸೆಲ್ಫ್ ಸ್ಟಾರ್ಟ್ ಬಂತು ನಿಜ, ಗೇರು ಎಡಗಾಲಿಗೆ ಹೋಯಿತು, ನನಗೆ ಬೇಡ.

ಬರುವ ಶನಿವಾರ ಇನ್ನೊಂದು 850 ನೋಡಲು ಹೋಗುತ್ತಿದ್ದೇನೆ. ಐಸೊಲಾಸ್ಟಿಕ್‌ನ ಸಂದು ಅಳೆಯಲು ಫೀಲರ್ ಗೇಜ್ ಈಗಲೇ ಜಾಕೆಟ್ ಜೇಬಿನಲ್ಲಿದೆ.