ಇಸುಬಿನ ಕೈಗೆ ಸ್ಕ್ಲೀರಲ್ ಲೆನ್ಸ್: ಕೊಡಗಿನ ಹಾಸ್ಟೆಲ್ ವಿದ್ಯಾರ್ಥಿಗಳಿಗಾಗಿ ಒಂದು ವಿಮರ್ಶೆ

ಮೊದಲು ತೀರ್ಪು ಹೇಳಿಬಿಡುತ್ತೇವೆ. ಕೆರಟೋಕೋನಸ್ (ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾ ತೆಳುವಾಗಿ ಉಬ್ಬುವ ರೋಗ) ಇದ್ದು, ಕನ್ನಡಕ ಹಾಕಿದರೂ ಬೋರ್ಡಿನ ಒಂದು ಅಕ್ಷರ ಎರಡು ಮೂರಾಗಿ ನೆರಳು ಬಿಟ್ಟು ಕಾಣುವ ವಿದ್ಯಾರ್ಥಿಗೆ ಸ್ಕ್ಲೀರಲ್ ಲೆನ್ಸ್ ಎಂಬ ದೊಡ್ಡ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ತುಂಬ ಒಳ್ಳೆಯ ಸಾಧನ. ಅದೇ ವಿದ್ಯಾರ್ಥಿಗೆ ಇಸುಬೂ ಇದ್ದರೆ, ಲೆನ್ಸ್ ಗಿಟ್ಟುತ್ತದೋ ಇಲ್ಲವೋ ಎಂಬುದನ್ನು ಬೆರಳು ಮತ್ತು ರೆಪ್ಪೆಯ ಚರ್ಮ ತೀರ್ಮಾನಿಸುತ್ತದೆ. ದುಡ್ಡು ಕೊಟ್ಟು ಲೆನ್ಸ್ ಮಾಡಿಸುವ ಮೊದಲು ಚರ್ಮವನ್ನು ಹತೋಟಿಗೆ ತನ್ನಿ. ಈ ಎರಡು ತೊಂದರೆಗಳು ಒಬ್ಬರಲ್ಲೇ ಇರುವುದು ಅಪರೂಪವೇನಲ್ಲ. ಇಸುಬು, ಉಬ್ಬಸ, ಕಣ್ಣಿನ ಅಲರ್ಜಿ ಇರುವವರು ಕಣ್ಣು ಉಜ್ಜುತ್ತಾರೆ. ಉಜ್ಜುವುದು ಕೆರಟೋಕೋನಸ್‌ಗೆ ಗೊತ್ತಿರುವ ದೊಡ್ಡ ಅಪಾಯಗಳಲ್ಲೊಂದು.

ಲೆನ್ಸ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದು ಸ್ಪಷ್ಟವಿರಲಿ. ಸಾಮಾನ್ಯ ಕಾರ್ನಿಯಾ ನಡುವಿನಲ್ಲಿ ಸುಮಾರು 540 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪ ಇರುತ್ತದೆ. ಕೆರಟೋಕೋನಸ್‌ನಲ್ಲಿ ಅದು ತೆಳುವಾಗುತ್ತಾ ಶಂಕುವಿನಂತೆ ಮುಂದಕ್ಕೆ ಉಬ್ಬುತ್ತದೆ. ಲೆನ್ಸ್ ಈ ಉಬ್ಬನ್ನು ನಿಲ್ಲಿಸುವುದಿಲ್ಲ, ಅದರ ಮೇಲೊಂದು ನಯವಾದ ಹೊಸ ಮೇಲ್ಮೈ ಕೊಡುತ್ತದೆ ಅಷ್ಟೆ. ನಿಲ್ಲಿಸುವ ಕೆಲಸ ಕ್ರಾಸ್‌ಲಿಂಕಿಂಗ್ ಚಿಕಿತ್ಸೆಯದು. ಅದರಲ್ಲಿ ರೈಬೋಫ್ಲೇವಿನ್ ಹನಿ ಹಾಕಿ 365 ನ್ಯಾನೋಮೀಟರ್‌ನ ಅತಿನೇರಳೆ ಬೆಳಕು ಬಿಡುತ್ತಾರೆ. ಮೂಲ ಡ್ರೆಸ್ಡೆನ್ ವಿಧಾನದಲ್ಲಿ ಬೆಳಕು 30 ನಿಮಿಷ. ಆ ವಿಧಾನಕ್ಕೆ ಕಾರ್ನಿಯಾ ಕನಿಷ್ಠ 400 ಮೈಕ್ರಾನ್ ಉಳಿದಿರಬೇಕು. ಆದ್ದರಿಂದ ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ಕನ್ನಡಕದ ನಂಬರು ಆರಾರು ತಿಂಗಳಿಗೆ ಬದಲಾಗುತ್ತಿದ್ದರೆ ಮೊದಲು ಕಾರ್ನಿಯಾದ ಟೊಪೊಗ್ರಫಿ (ಅದರ ಆಕಾರದ ನಕ್ಷೆ ತೆಗೆಯುವ ಪರೀಕ್ಷೆ) ಮಾಡಿಸಿ, ರೋಗ ಮುಂದುವರಿಯುತ್ತಿದೆಯೇ ಎಂದು ವೈದ್ಯರನ್ನು ಕೇಳಿ. ಲೆನ್ಸ್ ಆಮೇಲೆ.

ಉಳಿದ ಲೆನ್ಸ್‌ಗಳ ಪಕ್ಕದಲ್ಲಿಟ್ಟು ನೋಡೋಣ. ಸಾಮಾನ್ಯ ಮೆದು ಲೆನ್ಸ್ ಶಂಕುವಿನ ಆಕಾರಕ್ಕೇ ಬಾಗಿ ಕೂರುವುದರಿಂದ ಅಕ್ಷರದ ನೆರಳು ಹಾಗೇ ಉಳಿಯುತ್ತದೆ. ಆರ್‌ಜಿಪಿ ಎನ್ನುವ ಗಟ್ಟಿ ಲೆನ್ಸ್ ಅಗ್ಗ, ಒಂದು ಬೆರಳಲ್ಲಿ ಹಾಕಬಹುದು, ದೃಷ್ಟಿಯೂ ಚೆನ್ನಾಗಿರುತ್ತದೆ. ಆದರೆ ಒಂಬತ್ತು ಹತ್ತು ಮಿಲಿಮೀಟರಿನ ಆ ಬಿಲ್ಲೆ ನೇರ ಶಂಕುವಿನ ಮೇಲೆ ತೇಲುತ್ತದೆ, ಧೂಳು ಅದರ ಅಡಿ ನುಗ್ಗುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ಕಣದಲ್ಲಿ ಕಾಫಿ ಒಣಗುವ ದಿನಗಳಲ್ಲಿ, ಕಿಟಕಿ ತೆರೆದ ಬಸ್ಸಿನಲ್ಲಿ ಕುಶಾಲನಗರದಿಂದ ಚಿಕ್ಕ ಅಳುವಾರದ ವಿಶ್ವವಿದ್ಯಾಲಯಕ್ಕೆ ಓಡಾಡುವವರಿಗೆ ಇದು ಸಣ್ಣ ವಿಷಯವಲ್ಲ. ಅಡಿಗೆ ಸೇರಿದ ಒಂದು ಕಣ ಸಾಕು, ಕೈ ತಾನಾಗಿ ಕಣ್ಣಿಗೆ ಹೋಗುತ್ತದೆ. ಸ್ಕ್ಲೀರಲ್ ಲೆನ್ಸ್ ಹೆಚ್ಚಾಗಿ 15ರಿಂದ 18 ಮಿಲಿಮೀಟರ್ ಅಗಲ. ಅದು ಕಣ್ಣಿನ ಬಿಳಿಭಾಗದ ಮೇಲೆ ಕೂತು, ಕಾರ್ನಿಯಾವನ್ನು ಮುಟ್ಟದೆ ಮೇಲೆ ಕಮಾನು ಕಟ್ಟುತ್ತದೆ. ನಡುವಿನ ಜಾಗದಲ್ಲಿ ಸಲೈನ್ ತುಂಬಿರುತ್ತದೆ. ಧೂಳು ಒಳಹೋಗುವುದು ಕಡಿಮೆ, ಅಲರ್ಜಿಯ ಒಣ ಕಣ್ಣಿಗೆ ದಿನವಿಡೀ ತೇವ ಸಿಗುತ್ತದೆ. ಇಸುಬಿನವರಿಗೆ ನಾವು ಇದನ್ನು ಸೂಚಿಸುವುದಕ್ಕೆ ಮುಖ್ಯ ಕಾರಣ ಇದೇ.

ಅಳತೆಗೆ ಮೈಸೂರು, ಮಂಗಳೂರು ಅಥವಾ ಬೆಂಗಳೂರಿಗೆ ಹೋಗುವವರು ಒಂದು ಮಾತು ನೆನಪಿಡಿ. ಹಾಕಿದ ಲೆನ್ಸ್ ಮೊದಲ ಕೆಲವು ಗಂಟೆಗಳಲ್ಲಿ ಸುಮಾರು 100 ಮೈಕ್ರಾನ್ ಕೆಳಗಿಳಿದು ಕೂರುತ್ತದೆ. ಇಳಿದ ಮೇಲೂ ಕಾರ್ನಿಯಾಕ್ಕೂ ಲೆನ್ಸಿಗೂ ಮಧ್ಯೆ ಸುಮಾರು 200 ಮೈಕ್ರಾನ್ ಅಂತರ ಉಳಿಯಬೇಕು. ಹಾಕಿದ ಅರ್ಧ ಗಂಟೆಗೆ ‘ಸರಿಯಿದೆ’ ಎಂದು ಕಳಿಸಿದರೆ ಒಪ್ಪಬೇಡಿ. ಮೂರು ನಾಲ್ಕು ಗಂಟೆ ಅಲ್ಲೇ ಓಡಾಡಿಕೊಂಡಿದ್ದು ಮತ್ತೊಮ್ಮೆ ತೋರಿಸಿ. ಸಂಜೆಯ ಹೊತ್ತಿಗೆ ಲೆನ್ಸಿನ ಅಂಚು ಬಿಳಿಭಾಗದ ರಕ್ತನಾಳಗಳನ್ನು ಒತ್ತಿ ಅಲ್ಲಿ ಬೆಳ್ಳಗಾಗಿದ್ದರೆ, ತೆಗೆದ ಮೇಲೆ ವೃತ್ತಾಕಾರದ ಗುರುತು ಉಳಿದಿದ್ದರೆ, ಅಂಚು ಬಿಗಿಯಾಗಿದೆ ಎಂದರ್ಥ. ಅದನ್ನು ಬದಲಿಸಿ ಮಾಡಿಸಬೇಕಾಗಬಹುದು. ಎರಡು ಮೂರು ಸಲ ಹೋಗಿಬರುವುದು ಮಾಮೂಲು, ಆದ್ದರಿಂದ ಮೊದಲ ದರದಲ್ಲಿ ಎಷ್ಟು ಬದಲಾವಣೆ ಸೇರಿದೆ ಎಂದು ಬರೆಸಿಕೊಳ್ಳಿ. ಜುಲೈ ಆಗಸ್ಟ್‌ನಲ್ಲಿ ಈ ಓಡಾಟ ಇಟ್ಟುಕೊಳ್ಳದಿರುವುದು ಒಳ್ಳೆಯದು. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮಡಿಕೇರಿ–ಮಂಗಳೂರು ರಸ್ತೆಗೆ ಏನಾಯಿತೆಂದು ಕೊಡಗಿನವರಿಗೆ ಹೇಳಬೇಕಾಗಿಲ್ಲ.

ಇನ್ನು ನಿತ್ಯದ ಬಳಕೆ. ಹೆಚ್ಚು ಜನ ಎಡವುವುದು ಇಲ್ಲೇ.

ಇಸುಬಿಗೆ ಜಿಡ್ಡು ಬೇಕು, ಲೆನ್ಸಿಗೆ ಜಿಡ್ಡು ಆಗದು. ರಾತ್ರಿ ಕೈಗೆ ಹಚ್ಚಿದ ಪೆಟ್ರೋಲಿಯಂ ಜೆಲ್ಲಿ ಬೆಳಿಗ್ಗೆಯೂ ಉಗುರಿನ ಸಂದಿಯಲ್ಲಿ ಇರುತ್ತದೆ. ಆ ಬೆರಳು ತಾಗಿದರೆ ಲೆನ್ಸಿನ ಮೇಲೆ ನೀರು ಹರಡದೆ ಹನಿಹನಿಯಾಗಿ ನಿಲ್ಲುತ್ತದೆ, ದಿನವಿಡೀ ಮಂಜು ಮುಸುಕಿದ ಹಾಗೆ ಕಾಣುತ್ತದೆ. ‘ಮಾಯಿಶ್ಚರೈಸಿಂಗ್’ ಎಂದು ಬರೆದ ಸೋಪೂ ಇದೇ ಪದರ ಬಿಡುತ್ತದೆ. ಪರಿಮಳವಿಲ್ಲದ, ಎಣ್ಣೆಯಂಶವಿಲ್ಲದ ಸೌಮ್ಯ ಕ್ಲೆನ್ಸರ್‌ನಿಂದ ಎರಡು ಸಲ ಕೈ ತೊಳೆದು, ಎಳೆ ಬಿಡದ ಟಿಶ್ಯೂವಿನಿಂದ ಪೂರ್ತಿ ಒರೆಸಿಕೊಳ್ಳಿ. ಟರ್ಕಿ ಟವೆಲ್ ಬೇಡ. ಸ್ಯಾನಿಟೈಸರ್ ಖಂಡಿತ ಬೇಡ. ಬಿರಿದ ಬೆರಳಿಗೂ ಉರಿ, ಕಣ್ಣಿಗೂ ಉರಿ. ಲೆನ್ಸ್ ಹಾಕಿ ಮುಗಿದ ಮೇಲೆ ಕೈಗೆ ಕ್ರೀಮ್. ರಾತ್ರಿ ಮೊದಲು ಲೆನ್ಸ್ ತೆಗೆದು, ಆಮೇಲೆ ಮುಖಕ್ಕೆ, ರೆಪ್ಪೆಗೆ ಮುಲಾಮು. ಈ ಸರದಿ ಒಂದು ದಿನವೂ ತಪ್ಪಬಾರದು.

ಹಾಕುವಾಗ ಕನ್ನಡಿಯನ್ನು ಮೇಜಿನ ಮೇಲೆ ಮಲಗಿಸಿ, ಮುಖ ನೆಲಕ್ಕೆ ಸಮಾನಾಂತರವಾಗಿ ಬಾಗಿಸಿ. ದೊಡ್ಡ ಪ್ಲಂಜರ್ (ಲೆನ್ಸ್ ಹಿಡಿಯುವ ಪುಟ್ಟ ರಬ್ಬರ್ ಬಟ್ಟಲು) ಮೇಲೆ ಲೆನ್ಸ್ ಇಟ್ಟು ಸಲೈನ್ ಅಂಚಿನಿಂದ ಉಬ್ಬಿ ನಿಲ್ಲುವವರೆಗೆ ತುಂಬಿ. ಎರಡೂ ರೆಪ್ಪೆಗಳನ್ನು ರೆಪ್ಪೆಗೂದಲಿನ ಬುಡದಲ್ಲಿ ಹಿಡಿದು ಅಗಲಿಸಿ, ಲೆನ್ಸಿನ ನಡುವಿಗೇ ದೃಷ್ಟಿಯಿಟ್ಟು ಮೆಲ್ಲಗೆ ತಾಗಿಸಿ. ಹೆಚ್ಚಿನವರು ಕೊನೆಯ ಗಳಿಗೆಯಲ್ಲಿ ತಲೆ ಎತ್ತಿಬಿಡುತ್ತಾರೆ, ಸಲೈನ್ ಚೆಲ್ಲಿ ಗುಳ್ಳೆ ಕೂರುತ್ತದೆ. ಗುಳ್ಳೆ ಕಂಡರೆ ಸಹಿಸಿಕೊಂಡು ಹೋಗಬೇಡಿ, ತೆಗೆದು ಮತ್ತೆ ಹಾಕಿ. ಗುಳ್ಳೆಯ ಕೆಳಗೆ ಕಾರ್ನಿಯಾ ಒಣಗುತ್ತದೆ. ತೆಗೆಯುವಾಗ ಚಿಕ್ಕ ಪ್ಲಂಜರನ್ನು ಸಲೈನ್‌ನಲ್ಲಿ ಒದ್ದೆ ಮಾಡಿ, ಲೆನ್ಸಿನ ಕೆಳ ಅಂಚಿನ ಹತ್ತಿರ ಅಂಟಿಸಿ, ಅಂಚನ್ನು ಹೊರಕ್ಕೂ ಮೇಲಕ್ಕೂ ಎತ್ತಬೇಕು. ನಡುವೆ ಅಂಟಿಸಿ ಎಳೆದರೆ ಒಳಗಿನ ಹೀರುವಿಕೆ ತೆಳು ಕಾರ್ನಿಯಾವನ್ನೇ ಎಳೆಯುತ್ತದೆ. ಬಿಡದಿದ್ದರೆ ಹನಿ ಹಾಕಿ, ರೆಪ್ಪೆಯ ಮೇಲಿನಿಂದ ಲೆನ್ಸಿನ ಪಕ್ಕದ ಬಿಳಿಭಾಗವನ್ನು ಹಗುರಾಗಿ ಅದುಮಿ, ಗಾಳಿ ಸೇರಿದ ಕೂಡಲೇ ಸಡಿಲವಾಗುತ್ತದೆ.

ಸಲೈನ್ ಕೊಳ್ಳುವಾಗ ಎರಡು ತಪ್ಪು ನಡೆಯುತ್ತವೆ. ಒಂದು, ಗ್ಲೂಕೋಸ್ ಹಾಕುವ ಬಾಟಲಿಯಂಥ 500 ಮಿಲಿಲೀಟರಿನ ಸಲೈನ್ ತಂದು ವಾರಗಟ್ಟಲೆ ಬಳಸುವುದು. ಅದರಲ್ಲಿ ಸಂರಕ್ಷಕ ಇಲ್ಲ, ತೆರೆದ ಮೇಲೆ ಸೂಕ್ಷ್ಮಜೀವಿ ಬೆಳೆಯುತ್ತದೆ. ಇನ್ನೊಂದು ಇನ್ನೂ ಸುಲಭದ ತಪ್ಪು. ಮೆಡಿಕಲ್ ಶಾಪಿನಲ್ಲಿ 0.9% ಸೋಡಿಯಂ ಕ್ಲೋರೈಡ್‌ನ ಚಿಕ್ಕ ಪ್ಲಾಸ್ಟಿಕ್ ಆಂಪ್ಯೂಲ್ ಮತ್ತು ಇಂಜೆಕ್ಷನ್‌ಗೆ ಬಳಸುವ ಶುದ್ಧ ನೀರಿನ ಆಂಪ್ಯೂಲ್ ನೋಡಲು ಒಂದೇ ಥರ. ನೀರಿನದು ತುಂಬಿದರೆ ಕಣ್ಣು ಉರಿದು ಕಾರ್ನಿಯಾ ಊದುತ್ತದೆ. ಪ್ರತಿ ಸಲ ಹೆಸರು ಓದಿ. ಒಂದು ಆಂಪ್ಯೂಲ್ ಒಂದು ಸಲಕ್ಕೆ, ಉಳಿದದ್ದು ಚೆಲ್ಲಿ.

ಹಾಸ್ಟೆಲಿನ ಕೊಳಾಯಿ ನೀರು, ಬಾವಿಯದಾಗಲಿ ಹೊಳೆಯದಾಗಲಿ, ಲೆನ್ಸಿಗೂ ಡಬ್ಬಿಗೂ ಪ್ಲಂಜರಿಗೂ ತಾಗಬಾರದು. ನೀರಿನಲ್ಲಿರುವ ಅಕಾಂತಮೀಬಾ ಎಂಬ ಜೀವಿ ಕಾರ್ನಿಯಾಕ್ಕೆ ಹೊಕ್ಕರೆ ತಿಂಗಳುಗಟ್ಟಲೆ ಚಿಕಿತ್ಸೆ, ನೋವು, ಕೆಲವರಿಗೆ ದೃಷ್ಟಿನಷ್ಟ. ಮಳೆಗಾಲದಲ್ಲಿ ಗೋಡೆಗೇ ಬೂಸ್ಟು ಹಿಡಿಯುವ ಊರಿನಲ್ಲಿ ಡಬ್ಬಿಯನ್ನು ಬಚ್ಚಲಿನಲ್ಲಿಟ್ಟರೆ ಒಣಗುವುದಿಲ್ಲ, ಕೋಣೆಯಲ್ಲೇ ಇಡಿ. ಸ್ವಚ್ಛಗೊಳಿಸಲು ನಮ್ಮ ಆಯ್ಕೆ 3% ಹೈಡ್ರೋಜನ್ ಪೆರಾಕ್ಸೈಡ್ ವಿಧಾನ. ಸಂರಕ್ಷಕಗಳಿಗೆ ಅಲರ್ಜಿಯಾಗುವ ಇಸುಬಿನ ಕಣ್ಣಿಗೆ ಅದು ಹಿತ. ಅದರ ಜೊತೆ ಬರುವ ಡಬ್ಬಿಯಲ್ಲೇ ಪೂರ್ತಿ 6 ಗಂಟೆ ಬಿಡಬೇಕು. ಬೆಳಗಿನ ಜಾವ ಎದ್ದು ಬಸ್ ಹಿಡಿಯುವವರು ರಾತ್ರಿ ಹನ್ನೊಂದಕ್ಕೆ ಮೊದಲೇ ಲೆನ್ಸನ್ನು ಆ ಡಬ್ಬಿಗೆ ಹಾಕಿಡಲಿ. ಅರ್ಧಕ್ಕೆ ತೆಗೆದು ಕಣ್ಣಿಗೆ ಹಾಕಿದರೆ ರಾಸಾಯನಿಕದ ಸುಟ್ಟಗಾಯವೇ ಆಗುತ್ತದೆ.

ಲೆನ್ಸಿನ ದೊಡ್ಡ ಕೊರತೆ ಮಧ್ಯಾಹ್ನದ ಮಸುಕು. ಹಾಕಿದ ಮೂರು ನಾಲ್ಕು ಗಂಟೆಗೆ ಹಲವರಲ್ಲಿ ಒಳಗಿನ ಸಲೈನ್ ಹಾಲಿನಂತಾಗುತ್ತದೆ. ಅಲರ್ಜಿಯ ಕಣ್ಣಿನ ಲೋಳೆ, ರೆಪ್ಪೆಯಂಚಿನ ಉರಿಯೂತ ಇದನ್ನು ಹೆಚ್ಚಿಸುತ್ತವೆ. ಊಟದ ಬಿಡುವಿನಲ್ಲಿ ತೆಗೆದು ಹೊಸ ಸಲೈನ್ ತುಂಬಿ ಹಾಕಿಕೊಳ್ಳುವುದೇ ಖಾತ್ರಿ ದಾರಿ. ಅದಕ್ಕೆ ಎರಡು ಆಂಪ್ಯೂಲ್, ಎರಡು ಪ್ಲಂಜರ್, ಕ್ಲೆನ್ಸರ್, ಟಿಶ್ಯೂ ಬ್ಯಾಗಿನಲ್ಲಿರಲಿ. ಸಲೈನ್ ಜೊತೆ ಸಂರಕ್ಷಕವಿಲ್ಲದ, ಸ್ವಲ್ಪ ಮಂದವಾದ ಕೃತಕ ಕಣ್ಣೀರಿನ ಒಂದೆರಡು ಹನಿ ಸೇರಿಸುವುದೂ ಹಲವರಿಗೆ ಫಲ ಕೊಡುತ್ತದೆ. ಲೆನ್ಸ್ ಕೊಟ್ಟವರನ್ನು ಕೇಳಿ ಮಾಡಿ. ಅಲರ್ಜಿಗೆ ಓಲೋಪಟಡೀನ್ ಹನಿ ಬರೆದುಕೊಟ್ಟಿದ್ದರೆ ಲೆನ್ಸ್ ಹಾಕುವ ಕಾಲು ಗಂಟೆ ಮೊದಲು ಹಾಕಿ.

ರೆಪ್ಪೆಯ ಇಸುಬಿನ ವಿಷಯದಲ್ಲಿ ಮೆಡಿಕಲ್ ಶಾಪಿನ ಸಲಹೆ ನಂಬಬೇಡಿ. ಕ್ಲೋಬೆಟಸಾಲ್ ಎಂಬ ಪ್ರಬಲ ಸ್ಟೀರಾಯ್ಡ್‌ಗೆ ಶಿಲೀಂಧ್ರನಾಶಕ, ಆ್ಯಂಟಿಬಯಾಟಿಕ್ ಬೆರೆಸಿದ ಮಿಶ್ರ ಟ್ಯೂಬುಗಳು ಎರಡೇ ದಿನದಲ್ಲಿ ಕೆಂಪು ಇಳಿಸುತ್ತವೆ, ಹಾಗಾಗಿ ಜನ ಮರುಳಾಗುತ್ತಾರೆ. ರೆಪ್ಪೆಯ ಚರ್ಮ ತೀರಾ ತೆಳು. ಕಣ್ಣಿನ ಸುತ್ತ ಪ್ರಬಲ ಸ್ಟೀರಾಯ್ಡ್ ಬಹುಕಾಲ ಹಚ್ಚಿದರೆ ಕಣ್ಣಿನ ಒತ್ತಡ ಏರಬಹುದು, ಪೊರೆ ಬರಬಹುದು. ಅಲ್ಲಿಗೆ ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೊಲಿಮಸ್ ಮುಲಾಮನ್ನು ವೈದ್ಯರು ಬರೆಯುವುದುಂಟು. ಮೊದಲ ಕೆಲವು ದಿನ ಉರಿಯುತ್ತದೆ, ಉರಿಗೆ ಹೆದರಿ ಅನೇಕರು ಬಿಟ್ಟುಬಿಡುತ್ತಾರೆ, ಬಿಡಬೇಡಿ. ಕೈಗೆ ಬರೆದುಕೊಟ್ಟ ಸ್ಟೀರಾಯ್ಡ್‌ನ ಅಳತೆ ಸುಲಭ: ತೋರುಬೆರಳಿನ ಕೊನೆಯ ಗೆಣ್ಣಿನಷ್ಟು ಉದ್ದ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಮಾಯಿಶ್ಚರೈಸರ್‌ನಲ್ಲಿ ಮಾತ್ರ ಜಿಪುಣತನ ಬೇಡ. ಸ್ನಾನವಾದ ಮೂರು ನಿಮಿಷದೊಳಗೆ, ಮೈ ಇನ್ನೂ ತೇವವಿರುವಾಗಲೇ ಧಾರಾಳವಾಗಿ ಹಚ್ಚಿ. ಪ್ಯಾರಾಫಿನ್ ಇರುವ ಮುಲಾಮು ಹೀರಿದ ಬಟ್ಟೆಗೆ ಬೆಂಕಿ ಬೇಗ ಹಿಡಿಯುತ್ತದೆ. ಚಳಿಗೆ ಒಲೆ ಮುಂದೆ ಕೂರುವವರು, ಹಂಡೆಯ ಉರಿ ಹಾಕುವವರು ದೂರವಿರಿ.

ಬೆರಳಿನ ಇಸುಬು ರಸ ಸೋರುತ್ತಿರುವ ದಿನ, ಹಳದಿ ಹೊಪ್ಪಳೆ ಕಟ್ಟಿದ ದಿನ ಲೆನ್ಸ್ ಮುಟ್ಟಬೇಡಿ. ಆ ಚರ್ಮದ ಮೇಲೆ ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಹೇರಳವಾಗಿರುತ್ತದೆ. ಅಂಥ ದಿನಕ್ಕೆಂದೇ ಒಂದು ಕನ್ನಡಕ ಇರಲಿ, ದೃಷ್ಟಿ ಅರೆಬರೆಯಾದರೂ ಸರಿ. ಕಣ್ಣು ಕೆಂಪಾಗಿ ನೋವು, ಬೆಳಕು ಸಹಿಸಲಾಗದಿರುವುದು, ಅಥವಾ ಕರಿಗುಡ್ಡೆ ಹಠಾತ್ತಾಗಿ ಬೆಳ್ಳಗಾಗಿ ಮಂಜಾಗುವುದು ಕಂಡರೆ ಲೆನ್ಸ್ ತೆಗೆದು ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಿ. ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಾದರೂ ಹೋಗಿ, ಮೈಸೂರಿಗೆ ನಾಳೆ ಹೋದರಾಯಿತು ಎನ್ನಬೇಡಿ.

ಪರೀಕ್ಷೆಯ ಬಗ್ಗೆ ಕೇಳುವವರು ಬಹಳ. 40% ಅಥವಾ ಹೆಚ್ಚು ಅಂಗವೈಕಲ್ಯ ಪ್ರಮಾಣಪತ್ರ ಇರುವವರಿಗೆ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಎಂದು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಹೇಳಿತ್ತು. ದೃಷ್ಟಿದೋಷವನ್ನು ಸಾಧ್ಯವಾದಷ್ಟು ಸರಿಪಡಿಸಿದ ಮೇಲಿನ ದೃಷ್ಟಿಯಿಂದ ಅಳೆಯುವುದರಿಂದ, ಲೆನ್ಸ್ ಚೆನ್ನಾಗಿ ಕೂತವರಿಗೆ 40% ಸಿಗುವುದು ಕಷ್ಟವಾಗಬಹುದು. ಬರೆಯಲು ತೊಂದರೆ ಇರುವ, 40%ಗಿಂತ ಕಡಿಮೆಯವರಿಗಾಗಿ 2022ರ ಆಗಸ್ಟ್ 10ರಂದು ಬೇರೆ ಮಾರ್ಗಸೂಚಿ ಬಂದಿತ್ತು. ಅದಕ್ಕೆ ಸರ್ಕಾರಿ ಆಸ್ಪತ್ರೆಯ ಪ್ರಮಾಣಪತ್ರ ಬೇಕಿತ್ತು. ಬೆರಳು ಬಿರಿದು ಪೆನ್ನು ಹಿಡಿಯಲಾಗದವರು ಇಂಥ ದಾರಿ ತಮಗೆ ಅನ್ವಯಿಸುತ್ತದೆಯೇ ಎಂದು ಕೇಳಿ ನೋಡಬಹುದು. ನಿಮ್ಮ ವಿಶ್ವವಿದ್ಯಾಲಯ ಈಗ ಯಾವ ನಿಯಮ ಪಾಲಿಸುತ್ತದೆಂದು ಪರೀಕ್ಷಾಂಗ ವಿಭಾಗದಲ್ಲಿ ಸೆಮಿಸ್ಟರ್ ಶುರುವಿಗೇ ವಿಚಾರಿಸಿ, ಅರ್ಜಿಯ ಪ್ರತಿಗೆ ಮುದ್ರೆ ಹಾಕಿಸಿಕೊಳ್ಳಿ. ಪರೀಕ್ಷೆಯ ದಿನ ಲೆನ್ಸನ್ನು ಎಂದಿನಂತೆ ಬೆಳಿಗ್ಗೆ ಏಳಕ್ಕೆ ಹಾಕಬೇಡಿ. ಹತ್ತಕ್ಕೆ ಪರೀಕ್ಷೆಯಿದ್ದರೆ ಒಂಬತ್ತೂವರೆಗೆ ಹಾಕಿ, ಮಸುಕು ಬರುವ ಹೊತ್ತಿಗೆ ಮೂರು ಗಂಟೆಯ ಬರವಣಿಗೆ ಬಹುತೇಕ ಮುಗಿದಿರುತ್ತದೆ.