ಬೆಲ್ಟ್ ಈಗಲೇ ಬದಲಿಸಬೇಕಾ, ಕಾಯಬಹುದಾ?

ಕಲಬುರಗಿಯಿಂದ ಬೀದರ್‌ಗೆ ಕಾರಲ್ಲಿ ಓಡಾಡುವ ಗೆಳೆಯರೊಬ್ಬರ ಪ್ರಶ್ನೆ ಇದು. ಇಂಜಿನ್ನಿನ ಯಾವ ಬೆಲ್ಟ್ ಅನ್ನೋದು ಮೊದಲು ಗೊತ್ತಾಗಬೇಕು, ಅಲ್ವಾ?

ಹೊರಗಿನ ಫ್ಯಾನ್ ಬೆಲ್ಟ್ ಕಣ್ಣಿಗೆ ಕಾಣುತ್ತದೆ, ಖರ್ಚೂ ಕಡಿಮೆ. ಬಿರುಕು, ಸವೆತ, ಕೀರಲು ಸದ್ದು ಇಲ್ಲದಿದ್ದರೆ ಊರೊಳಗೆ ಓಡಿಸುವವರು ಕಾಯಬಹುದು. ದೂರ ಹೋಗುವವರು ಬೇಸಿಗೆಗೆ ಮೊದಲೇ ಬದಲಿಸುವುದು ಒಳ್ಳೆಯದು. ಹುಮನಾಬಾದ್ ಹತ್ತಿರ 40 ಡಿಗ್ರಿ ಬಿಸಿಲಲ್ಲಿ ಅದು ಹರಿದರೆ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಕೆಲವು ಗಾಡಿಗಳಲ್ಲಿ ಇಂಜಿನ್ ತಂಪಾಗಿಸುವ ವಾಟರ್ ಪಂಪೂ ನಿಲ್ಲುತ್ತದೆ.

ಎರಡನೆಯದು ಟೈಮಿಂಗ್ ಬೆಲ್ಟ್, ಇಂಜಿನ್ನಿನ ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವುದು ಇದೇ. ಅದು ಕವರ್ ಒಳಗಿರುತ್ತದೆ, ಸುಳಿವು ಕೊಡದೆ ಹರಿಯಬಹುದು. ಆಗ ಹಲವು ಇಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವ್‌ಗೆ ಬಡಿದು ಇಂಜಿನ್ ಹಾಳಾಗುತ್ತದೆ. ಕೂಲಿ ಜಾಸ್ತಿ ಅಂತ ಸುಮ್ನೆ ಮುಂದೂಡಬೇಡಿ. ಸಾಮಾನ್ಯವಾಗಿ 60,000ದಿಂದ 1,00,000 ಕಿ.ಮೀ. ಒಳಗೆ ಬದಲಿಸಬೇಕು, ಸರಿಯಾದ ಲೆಕ್ಕ ಗಾಡಿಯ ಪುಸ್ತಕದಲ್ಲಿದೆ. ಕಡಿಮೆ ಓಡಿದ್ದರೂ ವರ್ಷ ಎಣಿಸಿ, ರಬ್ಬರ್ ನಿಂತಲ್ಲೇ ಹಳತಾಗುತ್ತದೆ. ನಿಮ್ಮದು ಟೈಮಿಂಗ್ ಬೆಲ್ಟ್ ಬದಲು ಚೈನ್ ಇರುವ ಇಂಜಿನ್ನಾ? ಹಾಗಾದರೆ ಈ ಎರಡನೇ ಬೆಲ್ಟಿನ ಲೆಕ್ಕವೇ ಬೇಡ.