ಮೊದಲ ಕಿಟ್ ಕಾರಿಗೆ ಯಾವ ದಾನಿ ಕಾರು? ಸಿಯೆರಾ, ಎಂಎಕ್ಸ್-5, ಬೀಟಲ್ ಮೂರನ್ನೂ ಬಿಚ್ಚಿ ಕಟ್ಟಿದ ಮೇಲೆ

ಕಿಟ್ ಕಾರು ಎಂದರೆ ಚೌಕಟ್ಟು, ಬಾಡಿಯ ಭಾಗಗಳನ್ನು ಕಿಟ್ಟಾಗಿ ತರಿಸಿ, ಹಳೆಯ ಕಾರಿನ ಯಂತ್ರ ಕೂರಿಸಿ ನಾವೇ ಜೋಡಿಸುವ ಕಾರು. ಅದನ್ನು ಕಟ್ಟಲು ಹೊರಟವರು ಬಹುಮಟ್ಟಿಗೆ ಕಿಟ್ಟಿನ ಅಂದಕ್ಕೆ ಮನಸೋತು ಅದನ್ನೇ ಮೊದಲು ತರಿಸಿಕೊಳ್ಳುತ್ತಾರೆ. ಎಂಜಿನ್, ಗೇರ್‌ಬಾಕ್ಸ್, ಸ್ಟಿಯರಿಂಗ್, ಚಕ್ರದ ಹಬ್ಬುಗಳು ಯಾವ ಹಳೆಯ ಕಾರಿನಿಂದ ಬರಬೇಕು ಎಂಬುದನ್ನು ಆಮೇಲೆ ನೋಡಿಕೊಂಡರಾಯಿತು ಎಂದುಕೊಳ್ಳುತ್ತಾರೆ. ನಾನೂ ಹಾಗೆಯೇ ಶುರು ಮಾಡಿದವನು. ಮೂರು ಕಾರು ಕಟ್ಟಿದ ಮೇಲೆ ನನಗೆ ಅನುಮಾನವೇ ಉಳಿದಿಲ್ಲ: ಕೆಲಸ ಮುಗಿಯುತ್ತದೆಯೋ ಅರ್ಧಕ್ಕೆ ನಿಂತು ದೂಳು ತಿನ್ನುತ್ತದೆಯೋ ಎಂಬುದು ಯಂತ್ರಭಾಗ ಕೊಡುವ ಆ ಹಳೆಯ ಕಾರಿನ, ಅಂದರೆ ದಾನಿ ಕಾರಿನ ಮೇಲೆ ನಿಂತಿದೆ. ಮೊದಲು ದಾನಿ, ಆಮೇಲೆ ಅದಕ್ಕೆ ಒಪ್ಪುವ ಕಿಟ್.

ನಾನು ಬಿಚ್ಚಿದ ಮೊದಲನೆಯದು ಎರಡು ಲೀಟರ್ ಪಿಂಟೋ ಎಂಜಿನ್ನಿನ ಫೋರ್ಡ್ ಸಿಯೆರಾ. ಅದರ ಅಂಗಾಂಗಗಳು ಸೆವೆನ್ ಮಾದರಿಯ ಕಾರಿಗೆ ಹೋದವು. 1957ರಲ್ಲಿ ಲೋಟಸ್ ಹೊರತಂದ ಸೆವೆನ್‌ನ ವಂಶ ಅದು. ಉಕ್ಕಿನ ಕೊಳವೆಗಳ ಹಂದರ, ಬಾಗಿಲಿಲ್ಲದ ಎರಡು ಆಸನ, ಹೊರಗೇ ಕಾಣುವ ಮುಂದಿನ ಚಕ್ರಗಳು. ಎರಡನೆಯದು ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5, 1.6 ಲೀಟರಿನದು. ಅದರ ಯಂತ್ರಭಾಗವನ್ನು ಇಡಿಯಾಗಿ ಉಳಿಸಿಕೊಂಡು ಮೇಲೆ ಕೊಳವೆಯ ಚೌಕಟ್ಟು ಕೂರಿಸುವ, ಎಕ್ಸೋಸೆಟ್ ಬಗೆಯ ಕಿಟ್ ಕಟ್ಟಿದೆ. ಮೂರನೆಯದನ್ನು ಗೆಳೆಯನ ಜೊತೆಗೂಡಿ ಮಾಡಿದೆ: ಫೋಕ್ಸ್‌ವ್ಯಾಗನ್ ಬೀಟಲ್ ನೆಲಗಟ್ಟಿನ ಮೇಲೆ ಫೈಬರ್‌ಗ್ಲಾಸ್ ಬಗ್ಗಿ.

ಸಿಯೆರಾ 1982ರಿಂದ 1993ರವರೆಗೆ ತಯಾರಾದ ಕಾರು. ಎಂಜಿನ್ ಮುಂದೆ, ಚಾಲನೆ ಹಿಂದಿನ ಚಕ್ರಗಳಿಗೆ. ಸೆವೆನ್ ಮಾದರಿಗೆ ಬೇಕಾದದ್ದೇ ಅದು. ಪಿಂಟೋ ಎಂಜಿನ್ ಬೀಡುಕಬ್ಬಿಣದ ಸರಳ ಯಂತ್ರ. ಕಾರ್ಬುರೇಟರ್ ಇರುವ ಎಂಜಿನ್ ಸಿಕ್ಕರೆ ಅದನ್ನು ಓಡಿಸಲು ಬೆರಳೆಣಿಕೆಯಷ್ಟು ವೈರು ಸಾಕು. ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಕೈಯಿಂದ ಕಲಿಯಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಇಲ್ಲ. ಒಂದು ಕಡೆ ಮಾತ್ರ ಎಚ್ಚರ ಬೇಕು: ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟಿಗೆ ಎಣ್ಣೆ ಚಿಮ್ಮಿಸುವ ಸಣ್ಣ ಕೊಳವೆಯ ತೂತುಗಳು ಕೊಳೆ ಕಟ್ಟಿ ಮುಚ್ಚಿಹೋಗುತ್ತವೆ, ಕ್ಯಾಮ್ ಒಣಗಿ ಸವೆಯುತ್ತದೆ. ಮೇಲಿನ ಮುಚ್ಚಳ ತೆಗೆದು ಕ್ಯಾಮ್‌ನ ಉಬ್ಬುಗಳನ್ನು ಬೆರಳಿನಿಂದ ಸವರಿ ನೋಡದೆ ಈ ಎಂಜಿನ್ ಕೊಳ್ಳಬಾರದು.

ಆದರೆ ಸಿಯೆರಾ ಒಂದೇ ಕಾರಿನಿಂದ ಎಲ್ಲವೂ ಬರುತ್ತದೆ ಎಂಬ ಮಾತನ್ನು ನಂಬಿ ನಾನು ಮೋಸಹೋದೆ. ಅದರ ಸ್ಟಿಯರಿಂಗ್ ರ‍್ಯಾಕ್ ನನ್ನ ಚಾಸಿಗೆ ಅಗಲ ಹೆಚ್ಚಾಯಿತು, ಫೋರ್ಡಿನ ಇನ್ನೊಂದು ಕಾರಾದ ಎಸ್ಕಾರ್ಟಿನದನ್ನು ಹುಡುಕಬೇಕಾಯಿತು. ಮುಂದಿನ ಹಬ್ಬು ಮ್ಯಾಕ್‌ಫರ್ಸನ್ ಸ್ಟ್ರಟ್‌ಗೆಂದು, ಅಂದರೆ ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದೇ ಕಂಬದಲ್ಲಿರುವ ಸಸ್ಪೆನ್ಷನ್ನಿಗೆಂದು ಮಾಡಿದ್ದು. ಸೆವೆನ್‌ನಲ್ಲಿ ಮೇಲೊಂದು ಕೆಳಗೊಂದು ವಿಶ್‌ಬೋನ್ (ಕವಲಾದ ಸಸ್ಪೆನ್ಷನ್ ತೋಳು) ಇರುವುದರಿಂದ ಸ್ಟ್ರಟ್ ಕೂರುವ ತೂತಿಗೆ ಬೇರೆ ಲೋಹದ ತುಂಡು ತುರುಕಿ, ಮೇಲಿನ ಬಾಲ್‌ಜಾಯಿಂಟನ್ನು ಅದಕ್ಕೆ ಕೂಡಿಸಬೇಕು. ಪಿಂಟೋ ಎತ್ತರದ ಎಂಜಿನ್. ಬಾನೆಟ್ಟಿನಲ್ಲಿ ತೂತು ಕೊರೆಯಬೇಕು, ಕೆಳಗೆ ಎಣ್ಣೆಯ ಸಂಪ್ ಚಾಸಿಗಿಂತ ಜೋತುಬೀಳದಂತೆ ಕತ್ತರಿಸಿ ಗಿಡ್ಡ ಮಾಡಿಸಬೇಕು. ಟೈಪ್-9 ಐದು ಗೇರಿನ ಪೆಟ್ಟಿಗೆ ಗಟ್ಟಿಮುಟ್ಟು, ಆದರೆ ಅದರ ಮೊದಲ ಗೇರು ತೂಕದ ಕಾರಿಗೆ ಲೆಕ್ಕಹಾಕಿದ್ದು. 600 ಕಿಲೋ ಆಸುಪಾಸಿನ ಕಾರಿನಲ್ಲಿ ಹೊರಟೆ ಅನ್ನುವಷ್ಟರಲ್ಲಿ ಆ ಗೇರು ಮುಗಿದಿರುತ್ತದೆ. ಇವುಗಳಲ್ಲಿ ಯಾವುದೂ ಅಸಾಧ್ಯವಾದ ಕೆಲಸವಲ್ಲ. ಆದರೆ ಒಂದೊಂದಕ್ಕೂ ಒಂದೊಂದು ವಾರ ಕಾಯುವುದು, ಬಂದ ಭಾಗ ಹೊಂದದೆ ಮತ್ತೆ ಕಾಯುವುದು ಹೊಸಬರ ಉತ್ಸಾಹವನ್ನು ಹಿಂಡಿಹಾಕುತ್ತದೆ.

ಎಂಎಕ್ಸ್-5 ಬಿಚ್ಚಿದಾಗ ಇನ್ನೊಂದು ಲೋಕ ಕಂಡಿತು. 1989ರಲ್ಲಿ ಬಂದ ಈ ಕಾರಿನ ನಾಲ್ಕೂ ಚಕ್ರಗಳಿಗೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್ ಇದೆ. ಸಸ್ಪೆನ್ಷನ್ ಹೊರುವ ಚಿಕ್ಕ ಚೌಕಟ್ಟು, ಅಂದರೆ ಸಬ್‌ಫ್ರೇಮ್, ಮುಂದೊಂದು ಹಿಂದೊಂದು; ಗೇರ್‌ಬಾಕ್ಸನ್ನೂ ಹಿಂದಿನ ಡಿಫರೆನ್ಷಿಯಲನ್ನೂ ಒಂದು ಉದ್ದನೆಯ ಅಲ್ಯುಮಿನಿಯಂ ತೊಲೆ ಬಿಗಿದು ಹಿಡಿದಿದೆ. ಬಾಡಿಯ ಬೋಲ್ಟು, ಬ್ರೇಕ್ ಕೊಳವೆ, ವೈರು, ಸ್ಟಿಯರಿಂಗ್ ಎಲ್ಲ ಬಿಡಿಸಿದ ಮೇಲೆ ನಾಲ್ಕು ಜನ ಸೇರಿ ಬಾಡಿಯನ್ನು ಎತ್ತಿದೆವು. ಎಂಜಿನ್ನಿನಿಂದ ಹಿಂದಿನ ಚಕ್ರದವರೆಗೆ ಇಡೀ ಯಂತ್ರ ಒಂದೇ ತುಂಡಾಗಿ ನೆಲದ ಮೇಲೆ ಉಳಿಯಿತು, ಮೀನಿನ ಮಾಂಸ ಬಿಡಿಸಿದಾಗ ಮುಳ್ಳು ಉಳಿದ ಹಾಗೆ. ಆ ತೊಲೆಯ ಮೇಲೆ ಭಾರ ಬೀಳದಂತೆ ಎರಡೂ ಸಬ್‌ಫ್ರೇಮ್‌ಗಳ ಕೆಳಗೆ ಮರದ ದಿಮ್ಮಿ ಕೊಡಬೇಕು. ಹೊಸ ಚೌಕಟ್ಟು ಇದರ ಮೇಲೆ ಇಳಿದು ಅದೇ ಬೋಲ್ಟು ತೂತುಗಳಿಗೆ ಕೂರುತ್ತದೆ. ಪೆಡಲ್, ರೇಡಿಯೇಟರ್, ಪೆಟ್ರೋಲ್ ಟ್ಯಾಂಕು, ಸ್ಟಿಯರಿಂಗ್ ಕಾಲಮ್ ಎಲ್ಲವೂ ಅದೇ ಕಾರಿನವು. ಹೊಂದುತ್ತದೆಯೋ ಇಲ್ಲವೋ ಎಂಬ ಆತಂಕ ಇಲ್ಲಿಲ್ಲ.

ತೊಂದರೆ ಇಲ್ಲವೆಂದಲ್ಲ. 1991ರವರೆಗಿನ ಮೊದಮೊದಲ 1.6 ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ಶಾಫ್ಟಿನ ಮುಂತುದಿ ಗಿಡ್ಡ. ಅಲ್ಲಿ ಪುಲ್ಲಿ ಸಡಿಲಗೊಂಡರೆ ಕೀಲಿ ಕೂರುವ ತೋಡು ಸವೆದು ಎಂಜಿನ್ನೇ ಹಾಳಾಗುತ್ತದೆ. ಎಂಜಿನ್ ಓಡುತ್ತಿರುವಾಗ ಮುಂದೆ ನಿಂತು ಪುಲ್ಲಿ ಓಲಾಡುತ್ತಿದೆಯೇ ಎಂದು ನೋಡಬೇಕು. ಸಸ್ಪೆನ್ಷನ್ ತೋಳುಗಳ ಉದ್ದನೆಯ ಹೊಂದಾಣಿಕೆ ಬೋಲ್ಟುಗಳು ಬುಷ್ಷಿನೊಳಗಿನ ಉಕ್ಕಿನ ಕೊಳವೆಗೆ ತುಕ್ಕಿನಿಂದ ಕಚ್ಚಿಕೊಂಡಿರುತ್ತವೆ. ನನ್ನ ಕಾರಿನ ಹಿಂದಿನ ಎಡಬದಿಯ ಒಂದೇ ಬೋಲ್ಟು ಎರಡು ದಿನ ತೆಗೆದುಕೊಂಡಿತು. ಕೊನೆಗೆ ಎರಡೂ ಬದಿಯಲ್ಲಿ ಗರಗಸದಿಂದ ಕೊಯ್ಯಬೇಕಾಯಿತು. ತುಕ್ಕು ಸಡಿಲಿಸುವ ಎಣ್ಣೆಯನ್ನು ಬಿಚ್ಚುವ ದಿನವಲ್ಲ, ವಾರ ಮೊದಲೇ ದಿನವೂ ಹಾಕುತ್ತಾ ಬನ್ನಿ.

ಹೊಸಬರು ಹೆದರುವುದು ವೈರಿಂಗಿಗೆ. ಹೆದರಬೇಕಾದದ್ದೇ. ಸಿಯೆರಾದ ವೈರುಗಳನ್ನು ನಾನು ಗುರುತು ಹಾಕದೆ ಕಿತ್ತು ಚೀಲಕ್ಕೆ ತುಂಬಿದ್ದೆ. ಆರು ತಿಂಗಳ ನಂತರ ಚೀಲ ತೆರೆದಾಗ ಯಾವ ಕನೆಕ್ಟರ್ ಯಾವುದರದೆಂದು ಒಂದೂ ನೆನಪಿರಲಿಲ್ಲ. ವೈರಿಂಗಿನ ನಕ್ಷೆ ಮುಂದಿಟ್ಟುಕೊಂಡು, ದೀಪ ಕಟ್ಟಿದ ತಂತಿಯಿಂದ ಒಂದೊಂದೇ ವೈರನ್ನು ಪರೀಕ್ಷಿಸುತ್ತಾ ಹತ್ತು ವಾರ ಕಳೆದೆ. ಸರಳ ವೈರಿಂಗಿನ ಕಾರಿಗೇ ಆ ಗತಿ.

ಎಂಎಕ್ಸ್-5ರಲ್ಲಿ ವೈರು ಹಲವು ಪಟ್ಟು ಹೆಚ್ಚು. ಇಂಧನ ಚಿಮ್ಮಿಸುವುದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ, ಹೆಡ್‌ಲೈಟು ಎದ್ದು ಕೂರಲೂ ಮೋಟಾರು ಇದೆ. ಆದರೂ ಅಲ್ಲಿ ಮೂರು ವಾರದಲ್ಲಿ ಮುಗಿಯಿತು, ಏಕೆಂದರೆ ಕ್ರಮ ಬದಲಾಯಿಸಿದ್ದೆ. ಪ್ರತಿ ಕನೆಕ್ಟರನ್ನು ಬಿಡಿಸುವ ಮೊದಲೇ ಎರಡೂ ತುದಿಗೆ ಬಿಳಿ ಬಟ್ಟೆಯ ಟೇಪು ಸುತ್ತಿ ಒಂದೇ ಅಂಕಿ ಬರೆದೆ, ಪುಸ್ತಕದಲ್ಲಿ ಅದರೆದುರು ಜಾಗ ಬರೆದೆ, ಫೋಟೋ ತೆಗೆದೆ. ಬಾಡಿ ಎತ್ತಿದ ಮೇಲೆ ಇಡೀ ವೈರಿಂಗನ್ನು ಎಂಜಿನ್ನಿನ ಸುತ್ತ ನೆಲದ ಮೇಲೆ ಹರಡಿ ಮತ್ತೆ ಜೋಡಿಸಿದೆ. ಬ್ಯಾಟರಿ, ಪೆಟ್ರೋಲಿನ ಡಬ್ಬಿ ಕೊಟ್ಟು ಎಂಜಿನ್ ಓಡಿಸಿದೆ. ಓಡಿತು ಎಂದು ಖಾತ್ರಿಯಾದ ಮೇಲೆಯೇ ಅಂಟಂಟಾದ ಕಪ್ಪು ಟೇಪು ಬಿಡಿಸಿ, ಕಿಟಕಿ, ಹೀಟರ್, ರೇಡಿಯೋ ವೈರುಗಳನ್ನು ಒಂದೊಂದಾಗಿ ಹೊರಗೆಳೆದದ್ದು. ನಡುವೆ ಕತ್ತರಿಸಲಿಲ್ಲ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹಿಂಬಾಲಿಸಿ ಇಡೀ ಎಳೆಯನ್ನೇ ತೆಗೆದೆ. ಐದು ಎಳೆ ತೆಗೆದ ಮೇಲೆ ಒಮ್ಮೆ ಎಂಜಿನ್ ಓಡಿಸುವುದು. ಒಂದು ಸಲ ಓಡಲಿಲ್ಲ. ತಪ್ಪು ಕೊನೆಯ ಐದರಲ್ಲೇ ಇತ್ತು, ಹತ್ತು ನಿಮಿಷದಲ್ಲಿ ಸಿಕ್ಕಿತು.

ಇನ್ನೊಂದು ಮಾತು, ಇದು ಮೂರೂ ಕಾರಿಗೆ ಸಲ್ಲುತ್ತದೆ. ಮಾಮೂಲಿ ಕಾರಿನಲ್ಲಿ ಉಕ್ಕಿನ ಬಾಡಿಯೇ ಬ್ಯಾಟರಿಯ ನೆಗೆಟಿವ್ ತಂತಿಯ ಕೆಲಸ ಮಾಡುತ್ತದೆ. ಫೈಬರ್‌ಗ್ಲಾಸಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಪೌಡರ್ ಕೋಟಿಂಗ್ ಬಳಿದ ಚಾಸಿಯ ಮೇಲ್ಮೈಯಲ್ಲಿಯೂ ಹರಿಯುವುದಿಲ್ಲ. ನನ್ನ ಸೆವೆನ್‌ನಲ್ಲಿ ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂದವಾಗಿ ಹೊತ್ತಿಕೊಳ್ಳುತ್ತಿತ್ತು. ದೀಪಕ್ಕೆ ಸರಿಯಾದ ಅರ್ತ್ (ನೆಗೆಟಿವ್ ಸಂಪರ್ಕ) ಇಲ್ಲದೆ ಕರೆಂಟು ಪಕ್ಕದ ಬಲ್ಬಿನ ಮೂಲಕ ದಾರಿ ಹುಡುಕಿಕೊಂಡಿತ್ತು. ಪ್ರತಿ ದೀಪಕ್ಕೂ ಪ್ರತ್ಯೇಕ ಅರ್ತ್ ವೈರು ಎಳೆದು, ಬಣ್ಣ ಕೆರೆದು ಹೊಳೆಯುವ ಲೋಹಕ್ಕೆ ಬಿಗಿಯಿರಿ. ಎಂಜಿನ್ನಿಗೂ ಚಾಸಿಗೂ ನಡುವೆ ದಪ್ಪನೆಯ ಪಟ್ಟಿಯೊಂದು ಬೇಕೇ ಬೇಕು.

ಬೀಟಲ್ ವಿಚಾರ ಚಿಕ್ಕದು. ಗಾಳಿಯಿಂದಲೇ ತಣಿಯುವ ಎಂಜಿನ್, ಅದೂ ಹಿಂದೆ; ರೇಡಿಯೇಟರ್ ಇಲ್ಲ, ನೀರಿನ ಕೊಳವೆ ಇಲ್ಲ. ಅಂಚಿನ ಸುತ್ತಲಿನ ಬೋಲ್ಟುಗಳನ್ನು ತೆಗೆದರೆ ಬಾಡಿ ಮೇಲೇಳುತ್ತದೆ. ನಡುವೆ ಬೆನ್ನೆಲುಬಿನಂಥ ಸುರಂಗವಿರುವ ನೆಲಗಟ್ಟು ಚಕ್ರಗಳ ಸಮೇತ ನಿಂತಿರುತ್ತದೆ. 1964ರಲ್ಲಿ ಬ್ರೂಸ್ ಮೇಯರ್ಸ್ ಅಮೆರಿಕದಲ್ಲಿ ಮೇಯರ್ಸ್ ಮ್ಯಾಂಕ್ಸ್ ಎಂಬ ಬಗ್ಗಿ ಮಾಡಿದಾಗಿನಿಂದ ಬಗ್ಗಿ ಕಟ್ಟುವವರೆಲ್ಲ ನೆಚ್ಚಿಕೊಂಡ ಸರಳತೆ ಇದೇ. ಮೂರರಲ್ಲಿ ಬೇಗ ರಸ್ತೆಗಿಳಿದದ್ದು ಇದು. ಹಿಂದಿನ ಆಕ್ಸಲ್‌ನ 36 ಮಿ.ಮೀ. ನಟ್ಟು ಮಾತ್ರ ಮನುಷ್ಯನ ತಾಳ್ಮೆ ನೋಡುತ್ತದೆ. ಬಾಡಿ ತೆಗೆಯುವ ಮೊದಲೇ, ಕಾರು ಭಾರವಾಗಿ ನೆಲದ ಮೇಲೆ ನಿಂತಿರುವಾಗಲೇ, ಉದ್ದನೆಯ ಕೊಳವೆ ಸಿಕ್ಕಿಸಿದ ಹಿಡಿಯಿಂದ ಅದನ್ನು ಸಡಿಲಿಸಿಕೊಳ್ಳಿ. ಸುಮಾರು 36 ಸೆಂ.ಮೀ. ನೆಲಗಟ್ಟನ್ನು ಕತ್ತರಿಸಿ ಬೆಸೆಯಬೇಕಾದ ಗಿಡ್ಡ ಬಗ್ಗಿಗಳು ನೋಡಲು ಚೆಂದ, ಆದರೆ ಮೊದಲ ಕಾರಿಗೆ ಬೇಡ. ಬೆಸುಗೆ ಒಂದಿಷ್ಟು ಸೊಟ್ಟಗಾದರೆ ಕಾರು ಜೀವನವಿಡೀ ಒಂದು ಬದಿಗೆ ಎಳೆಯುತ್ತದೆ. ಕತ್ತರಿಸದ ಉದ್ದಳತೆಗೇ ಮಾಡಿದ ಬಾಡಿಗಳೂ ಇವೆ.

ತುಕ್ಕಿನ ವಿಷಯದಲ್ಲಿ ಇವುಗಳ ಸ್ವಭಾವ ಒಂದಕ್ಕೊಂದು ತಿರುಗುಮುರುಗು. ಸಿಯೆರಾ, ಎಂಎಕ್ಸ್-5ಗಳ ಬಾಡಿ ಹೇಗೂ ಹೋಗುವುದರಿಂದ ಬಾಗಿಲ ಕೆಳಗಿನ ಅಂಚು ಕೊಳೆತ ಕಾರೇ ನಮಗೆ ಲಾಭದ್ದು. ಅಂಥ ಕಾರನ್ನು ಬೇರೆ ಯಾರೂ ಕೇಳುವುದಿಲ್ಲ, ಒಳಗಿನ ಯಂತ್ರವೋ ಗಟ್ಟಿಯಾಗಿರುತ್ತದೆ. ಬೀಟಲ್‌ನಲ್ಲಿ ನೆಲಗಟ್ಟೇ ನಿಮ್ಮ ಹೊಸ ಕಾರಿನ ಚಾಸಿ. ಹಿಂದಿನ ಆಸನ ಎತ್ತಿ ಬಲಬದಿಯಲ್ಲಿ ಬ್ಯಾಟರಿ ಕೂರುವ ಜಾಗ ನೋಡಿ. ಆಮ್ಲ ಚೆಲ್ಲಿ ತೂತಾಗಿರುವುದು ಮೊದಲು ಅಲ್ಲೇ. ಚಿಕ್ಕ ಸುತ್ತಿಗೆಯಿಂದ ತಟ್ಟಿದಾಗ ಠಣ್ ಎನ್ನದೆ ದಪ್ ಎಂದರೆ ಆ ಕಾರು ಬಿಟ್ಟುಬಿಡಿ.

ಇಡೀ ಕಾರು ಕೊಳ್ಳುವುದೋ, ಗುಜರಿಯಿಂದ ಬಿಡಿಬಿಡಿಯಾಗಿ ತರುವುದೋ? ಸಿಯೆರಾದ ಗೇರ್‌ಬಾಕ್ಸ್ ಸದ್ದು ಮಾಡುತ್ತಿತ್ತೆಂದು ನಾನು ಇನ್ನೊಂದನ್ನು ಬಿಡಿಯಾಗಿ ತಂದೆ. ಮಾರಿದವರು ಚೆನ್ನಾಗಿದೆ ಎಂದರು. ಕೂರಿಸಿದ ಮೇಲೆ ಮೂರನೇ ಗೇರು ಹಿಡಿಯಲಿಲ್ಲ, ಎಂಜಿನ್ ಮತ್ತೆ ಇಳಿಸಬೇಕಾಯಿತು. ಓಡುವ ಕಾರನ್ನು ಇಡಿಯಾಗಿ ಕೊಳ್ಳಿ, ಕಾನೂನಿನ ಪ್ರಕಾರ ಓಡಿಸಬಹುದಾದರೆ ಒಂದು ತಿಂಗಳು ಓಡಿಸಿ. ಕ್ಲಚ್ ಜಾರುವುದು, ಗೇರು ಗೊರಗೊರ ಅನ್ನುವುದು, ನೀರು ಕಾಯುವುದು, ತಿರುವಿನಲ್ಲಿ ಬೇರಿಂಗ್ ಗುಂಯ್‌ಗುಡುವುದು, ಎಲ್ಲವನ್ನೂ ಬರೆದಿಡಿ. ಬಿಚ್ಚಿದ ಕಾರು ತನ್ನ ಕಾಯಿಲೆ ಹೇಳುವುದಿಲ್ಲ. ಬೇಡವಾದ ಆಸನ, ಬಾಗಿಲು, ಗಾಜುಗಳನ್ನು ಮಾರಿದರೆ ಹಣದ ಒಂದು ಪಾಲು ವಾಪಸ್ಸೂ ಬರುತ್ತದೆ. ಜಾಗ ಮಾತ್ರ ಎರಡು ಕಾರಿನಷ್ಟು ಬೇಕು. ಇದನ್ನು ಮೊದಲೇ ಅಳೆದುಕೊಳ್ಳಿ.

ಮೊದಲ ಬೋಲ್ಟು ತೆಗೆಯುವ ಮುನ್ನ ನಿಮ್ಮ ನಾಡಿನ ನೋಂದಣಿ ನಿಯಮ ವಿಚಾರಿಸಿ. ಕಟ್ಟಿದ ಕಾರಿಗೆ ದಾನಿ ಕಾರಿನ ನೋಂದಣಿ ಸಂಖ್ಯೆ ಉಳಿಯುತ್ತದೆಯೇ, ಹೊಗೆಯ ಪರೀಕ್ಷೆಗೆ ಯಾವ ವರ್ಷವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ, ಮಾರ್ಪಡಿಸಿದ ವಾಹನವನ್ನು ರಸ್ತೆಗೇ ಬಿಡುತ್ತಾರೆಯೇ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಉತ್ತರವನ್ನು ಬಾಯಿಮಾತಿನಲ್ಲಲ್ಲ, ಬರಹದಲ್ಲಿ ಪಡೆಯಿರಿ.

ಬ್ರೇಕು ಹಗುರ ಕಾರಿನಲ್ಲಿ ಬೇರೆಯೇ ರೀತಿ ವರ್ತಿಸುತ್ತದೆ. ಪೆಡಲಿನ ಒತ್ತಡಕ್ಕೆ ನೆರವಾಗುವ ಸರ್ವೋವನ್ನು ದಾನಿ ಕಾರಿನಿಂದ ತರದೆ ಬಿಟ್ಟರೆ ಪೆಡಲ್ ಕಲ್ಲಿನಂತಾಗುತ್ತದೆ. ಆಗ ಸಣ್ಣ ವ್ಯಾಸದ ಮಾಸ್ಟರ್ ಸಿಲಿಂಡರ್ ಹಾಕಿದರೆ ಅಷ್ಟೇ ಬಲಕ್ಕೆ ಹೆಚ್ಚು ಒತ್ತಡ ಸಿಗುತ್ತದೆ, ಪೆಡಲ್ ಸ್ವಲ್ಪ ಹೆಚ್ಚು ಕೆಳಗಿಳಿಯುತ್ತದೆ. ಹಿಂದಿನ ಚಕ್ರ ಮುಂದಿನದಕ್ಕಿಂತ ಮೊದಲು ಕಚ್ಚಿಕೊಂಡರೆ ಕಾರು ಗಿರಕಿ ಹೊಡೆಯುತ್ತದೆ. ಖಾಲಿ ಜಾಗದಲ್ಲಿ, ನಿಧಾನ ವೇಗದಲ್ಲಿ, ಪಕ್ಕದಲ್ಲೊಬ್ಬರು ನಿಂತು ಚಕ್ರಗಳನ್ನೇ ನೋಡುತ್ತಿರುವಾಗ ಇದನ್ನು ಪರೀಕ್ಷಿಸಿ. ನನಗೆ ಈ ಕೆಲಸದಲ್ಲಿ ನಿಜವಾದ ಭಯ ಇರುವುದು ಇದೊಂದರಲ್ಲೇ. ತಿಳಿದ ಮೆಕ್ಯಾನಿಕ್ ಒಬ್ಬರು ನೋಡಿ ಒಪ್ಪುವ ತನಕ ನಾನು ಯಾವ ಕಾರನ್ನೂ ರಸ್ತೆಗೆ ತಂದಿಲ್ಲ.

ಯಾವುದನ್ನು ಆರಿಸಿಕೊಳ್ಳಲಿ ಎಂದು ಕೇಳಿದರೆ ನಾನು ಎಂಎಕ್ಸ್-5 ಎನ್ನುತ್ತೇನೆ, ಹಿಂಜರಿಕೆಯಿಲ್ಲದೆ. ಸಂಜೆ ಎರಡು ಗಂಟೆ ಬಿಡುವಿರುವ, ಬೆಸುಗೆ ಬಾರದ ಮನುಷ್ಯ ಅದನ್ನು ಮುಗಿಸಬಲ್ಲ, ಮುಗಿಸಿದ ಮೇಲೆ ಅದು ಓಡುವ ರೀತಿಯೂ ಮೂರರಲ್ಲಿ ಮೇಲು. ಗಟ್ಟಿ ನೆಲಗಟ್ಟಿನ ಬೀಟಲ್ ಸಿಕ್ಕಿ, ವೇಗದ ಆಸೆ ಇಲ್ಲದಿದ್ದರೆ ಬಗ್ಗಿಯೂ ಸರಿ. ಸಿಯೆರಾವನ್ನು ನಾನು ಪ್ರೀತಿಸುತ್ತೇನೆ, ಎಂಜಿನ್ ವಿದ್ಯೆ ಕಲಿತದ್ದು ಅದರಿಂದಲೇ. ಆದರೂ ಎರಡನೆಯ ಕಾರಿಗೆ ಇರಲಿ ಎನ್ನುತ್ತೇನೆ.

ಯಾವ ಕಾರನ್ನೇ ಬಿಚ್ಚಿ, ಖಾಲಿ ಬಾಡಿಯನ್ನು ಗುಜರಿಗೆ ಕಳಿಸಲು ಅವಸರ ಮಾಡಬೇಡಿ. ಸಿಯೆರಾದ ಬಾಡಿಯನ್ನು ಜಾಗವಿಲ್ಲವೆಂದು ಬೇಗ ಕೊಟ್ಟುಬಿಟ್ಟೆ. ಎರಡು ತಿಂಗಳ ನಂತರ ಆಕ್ಸಿಲರೇಟರ್ ಕೇಬಲ್ ಕೂಡಿಸಲು ಹೋದರೆ, ಅದನ್ನು ಹಿಡಿಯುವ ಅಂಗೈಯಗಲದ ತಗಡಿನ ಕೊಂಡಿ ಆ ಬಾಡಿಯ ಜೊತೆಗೇ ಹೋಗಿತ್ತು. ಎಂಎಕ್ಸ್-5ರ ಬಾಡಿಯನ್ನು ಹೊಸ ಕಾರು ನೋಂದಣಿಯಾಗುವವರೆಗೂ ಗೋಡೆಗೆ ಒರಗಿಸಿ ಇಟ್ಟಿದ್ದೆ. ಹನ್ನೊಂದು ಸಲ ಅದರ ಹತ್ತಿರ ಹೋಗಿ ಏನಾದರೊಂದನ್ನು ಬಿಚ್ಚಿಕೊಂಡು ಬಂದೆ.